ಕಾಕ್ಲಿಯರ್ ಇಂಪ್ಲಾಂಟ್ ಪಡೆದ ಮಕ್ಕಳ ಮಾತು ಮತ್ತು ಗ್ರಾಮ ಪಂಚಾಯಿತಿಯ ಹೊಣೆ

(ಹಳೇಬೀಡಿನಲ್ಲಿ ಗ್ರಾಮ ಪಂಚಾಯಿತಿ ಸದಸ್ಯರ ಸಭೆಯಲ್ಲಿ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯವರು ಮಾಡಿದ ಭಾಷಣದ ಪಠ್ಯ)



ನಮ್ಮ ಸಭೆಗಳಲ್ಲಿ ಕುಡಿಯುವ ನೀರು, ಚರಂಡಿ, ಬೀದಿ ದೀಪ, ಕಾಮಗಾರಿಗಳ ವಿಷಯಗಳೇ ಹೆಚ್ಚಾಗಿ ಚರ್ಚೆಗೆ ಬರುತ್ತವೆ. ಇಂದು ನಾನು ಹೇಳಹೊರಟಿರುವುದು ಬೇರೆಯೇ ವಿಷಯ. ಹುಟ್ಟಿನಿಂದ ಕಿವಿ ಕೇಳದ, ಕಾಕ್ಲಿಯರ್ ಇಂಪ್ಲಾಂಟ್ ಎಂಬ ಸಾಧನವನ್ನು ಅಳವಡಿಸಿಕೊಂಡ ಮಗುವಿನ ಬಾಯಿಯಿಂದ ‘ಮ’, ‘ಕ’, ‘ಸ’ ಮೊದಲಾದ ಧ್ವನಿಗಳು ಹೇಗೆ ಒಂದೊಂದಾಗಿ ಹೊರಡುತ್ತವೆ ಎಂಬುದು ನನ್ನ ವಿಷಯ. ಇದು ವೈದ್ಯರ ಕೆಲಸ, ಪಂಚಾಯಿತಿಗೂ ಇದಕ್ಕೂ ಏನು ಸಂಬಂಧ ಎಂದು ನಿಮಗೆ ಅನ್ನಿಸಬಹುದು. ಹಿಂದೊಮ್ಮೆ ನನಗೂ ಹಾಗೆಯೇ ಅನ್ನಿಸಿತ್ತು. ಆದುದರಿಂದ ನನ್ನಿಂದಾದ ಒಂದು ತಪ್ಪನ್ನು ಹೇಳಿಕೊಂಡೇ ಮುಂದುವರಿಯುತ್ತೇನೆ.

ನಾನು ಈ ಹಿಂದೆ ಕೆಲಸ ಮಾಡುತ್ತಿದ್ದ ಒಂದು ಪಂಚಾಯಿತಿಯಲ್ಲಿ ಎರಡೂವರೆ ವರ್ಷದ ಮಗುವನ್ನು ಎತ್ತಿಕೊಂಡು ತಾಯಿಯೊಬ್ಬರು ಕಚೇರಿಗೆ ಬಂದರು. ಮಗುವಿಗೆ ಎರಡೂ ಕಿವಿ ಕೇಳುವುದಿಲ್ಲವೆಂದು ವೈದ್ಯರು ತಿಳಿಸಿದ್ದರು. ಪುನರ್ವಸತಿ ಕಾರ್ಯಕರ್ತರೊಡನೆ ಸೇರಿ ಅರ್ಜಿ, ಗುರುತಿನ ಚೀಟಿ, ಆದಾಯ ಪತ್ರ ಎಲ್ಲವನ್ನೂ ಹೊಂದಿಸಿಕೊಟ್ಟೆವು. ಸರ್ಕಾರದ ವೆಚ್ಚದಲ್ಲಿಯೇ ಶಸ್ತ್ರಚಿಕಿತ್ಸೆಯಾಯಿತು. ಕಿವಿಯ ಹಿಂದೆ ಯಂತ್ರ ಧರಿಸಿದ ಮಗುವಿನ ಚಿತ್ರ ನಮ್ಮ ವಾಟ್ಸಾಪ್ ಗುಂಪಿಗೆ ಬಂದಿತು, ಎಲ್ಲರೂ ಅಭಿನಂದಿಸಿದರು. ನಾನು ನನ್ನ ವಹಿಯಲ್ಲಿ ಆ ಪ್ರಕರಣದ ಮುಂದೆ ‘ಮುಕ್ತಾಯ’ ಎಂದು ಬರೆದೆ.

ಒಂದೂವರೆ ವರ್ಷದ ನಂತರ ಕಂದಾಯ ವಸೂಲಿಗೆಂದು ಅದೇ ಬೀದಿಗೆ ಹೋದಾಗ ಮಗು ಬಾಗಿಲಲ್ಲಿ ಆಡುತ್ತಿತ್ತು. ಕಿವಿಯ ಮೇಲೆ ಯಂತ್ರವಿರಲಿಲ್ಲ. ಕೇಳಿದೆ. ತಾಯಿ ಬೀರುವಿನಿಂದ ಒಂದು ಸ್ಟೀಲ್ ಡಬ್ಬಿಯನ್ನು ತೆಗೆದರು. ಅದರೊಳಗೆ ಬಟ್ಟೆಯಲ್ಲಿ ಸುತ್ತಿಟ್ಟ ಯಂತ್ರವಿತ್ತು. ತಂತಿ ಕಡಿದು ಒಂಬತ್ತು ತಿಂಗಳಾಗಿತ್ತು. ಹೊಸ ತಂತಿಗೆ ಕೆಲವು ಸಾವಿರ ರೂಪಾಯಿ ಬೇಕೆಂದು ಯಾರೋ ಹೇಳಿದ್ದರಂತೆ. ಆಲೂಗಡ್ಡೆ ಕಿತ್ತ ಮೇಲೆ ನೋಡೋಣವೆಂದು ತಂದೆ ಸುಮ್ಮನಾಗಿದ್ದರು. ಆ ತಾಯಿ ಹೇಳಿದ ಮಾತು ಇದು: “ಸಾರ್, ಹಾಕಿದ್ದಾಗಲೂ ಮಗು ಮಾತೇನೂ ಆಡ್ಲಿಲ್ಲ. ಮೆಷಿನ್ನೇ ಸರಿಯಿಲ್ವೇನೋ ಅಂದ್ಕೊಂಡ್ವಿ.”

ಯಂತ್ರ ಸರಿಯಾಗಿಯೇ ಇತ್ತು. ಶಸ್ತ್ರಚಿಕಿತ್ಸೆಯಾದ ಸುಮಾರು ಒಂದು ತಿಂಗಳಿಗೆ ಅದನ್ನು ಚಾಲನೆಗೊಳಿಸಿದ್ದರು. ಲೆಕ್ಕ ಹಾಕಿದರೆ ಆ ಮಗು ಲೋಕದ ಶಬ್ದವನ್ನು ಕೇಳಿದ್ದು ಎಂಟು ತಿಂಗಳು ಮಾತ್ರ. ಎಂಟು ತಿಂಗಳ ಕೂಸು ಮಾತನಾಡಲಿಲ್ಲವೆಂದು ನಾವು ಯಾರಾದರೂ ಚಿಂತಿಸುತ್ತೇವೆಯೇ? ಈ ಲೆಕ್ಕವನ್ನು ಆ ತಾಯಿಗೆ ಅರ್ಥವಾಗುವಂತೆ ಯಾರೂ ಹೇಳಿರಲಿಲ್ಲ. ನಾನೂ ಹೇಳಿರಲಿಲ್ಲ, ಏಕೆಂದರೆ ನನಗೂ ತಿಳಿದಿರಲಿಲ್ಲ.

ನಾನು ಓದಿದ್ದು ಇಂಜಿನಿಯರಿಂಗ್. ಸಾಧನವನ್ನು ಅಳವಡಿಸಿದರೆ ಕಾಮಗಾರಿ ಪೂರ್ಣಗೊಂಡಿತು ಎಂದು ಭಾವಿಸಿದೆ. ಆದರೆ ನಿಮಗೆಲ್ಲ ಗೊತ್ತಿರುವಂತೆ ಕೊಳವೆಬಾವಿ ಕೊರೆದು, ಮೋಟಾರು ಇಳಿಸಿ, ಮನೆಮನೆಗೆ ನಲ್ಲಿ ಹಾಕಿದ ಮಾತ್ರಕ್ಕೆ ನೀರು ಬರುವುದಿಲ್ಲ. ದಿನವೂ ಗೇಟ್‌ವಾಲ್ ತಿರುಗಿಸುವ ನೀರುಗಂಟಿ ಬೇಕು. ಇಂಪ್ಲಾಂಟ್ ಕೂಡ ಹಾಗೆಯೇ. ಯಂತ್ರ ಶಬ್ದವನ್ನು ತಲುಪಿಸುತ್ತದೆ. ಮಾತನ್ನು ಕಲಿಸಬೇಕಾದವರು ಮನೆಯವರು ಮತ್ತು ಊರಿನವರು. ನಾನು ಇಂದು ಹೇಳಬೇಕಾದ ಮುಖ್ಯ ಸಂಗತಿ ಇದೊಂದೇ.

ಈ ಸಾಧನ ಏನು ಮಾಡುತ್ತದೆ ಎಂಬುದನ್ನು ಸ್ವಲ್ಪ ತಿಳಿಯೋಣ. ನಮ್ಮ ಒಳಗಿವಿಯಲ್ಲಿ ಶಂಖದಂತೆ ಸುರುಳಿಯಾದ ಕಾಕ್ಲಿಯ ಎಂಬ ಭಾಗವಿದೆ. ಅದರೊಳಗೆ ಸುಮಾರು 15,000 ಸೂಕ್ಷ್ಮ ರೋಮಕೋಶಗಳಿದ್ದು, ಅವು ಶಬ್ದದ ಕಂಪನವನ್ನು ನರಕ್ಕೆ ದಾಟಿಸುತ್ತವೆ. ಹುಟ್ಟಿನಿಂದ ತೀವ್ರವಾಗಿ ಕಿವುಡಾದ ಬಹುಪಾಲು ಮಕ್ಕಳಲ್ಲಿ ಈ ಕೋಶಗಳು ಕೆಲಸ ಮಾಡುವುದಿಲ್ಲ. ಸಾಮಾನ್ಯ ಶ್ರವಣ ಸಾಧನವು ಶಬ್ದವನ್ನು ದೊಡ್ಡದು ಮಾಡುತ್ತದೆಯೇ ಹೊರತು ಕೆಟ್ಟ ಕೋಶಗಳ ಕೆಲಸವನ್ನು ತಾನು ಮಾಡಲಾರದು. ಇಂಪ್ಲಾಂಟ್ ಆ ಕೋಶಗಳನ್ನು ಬಿಟ್ಟು ನೇರವಾಗಿ ನರವನ್ನು ತಲುಪುತ್ತದೆ. ಕಿವಿಯ ಹಿಂದಿನ ಯಂತ್ರ ಶಬ್ದವನ್ನು ಹಿಡಿದು ಸಂಕೇತವಾಗಿ ಬದಲಿಸುತ್ತದೆ. ತಲೆಯ ಮೇಲೆ ಅಯಸ್ಕಾಂತದಿಂದ ಅಂಟಿಕೊಂಡ ಸುರುಳಿ ಆ ಸಂಕೇತವನ್ನು ಚರ್ಮದ ಒಳಗಿರುವ ಭಾಗಕ್ಕೆ ಕಳುಹಿಸುತ್ತದೆ. ಅಲ್ಲಿಂದ ಕಾಕ್ಲಿಯದೊಳಗೆ ಸೇರಿಸಿದ 12ರಿಂದ 22 ವಿದ್ಯುದ್ವಾರಗಳು ನರವನ್ನು ಪ್ರಚೋದಿಸುತ್ತವೆ. 1978ರಲ್ಲಿ ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ ಗ್ರೇಮ್ ಕ್ಲಾರ್ಕ್ ಎಂಬ ವೈದ್ಯರು ಬಹು ವಿದ್ಯುದ್ವಾರಗಳ ಇಂಪ್ಲಾಂಟನ್ನು ಅಳವಡಿಸಿದರು. ಇಂದು ಅದು ನಮ್ಮ ಹಳ್ಳಿಯ ಮಗುವಿಗೂ ಸಿಗುವಂತಾಗಿದೆ.

15,000 ಕೋಶಗಳ ಕೆಲಸವನ್ನು 22 ವಿದ್ಯುದ್ವಾರಗಳು ಮಾಡಬೇಕು ಎಂಬುದನ್ನು ನೆನಪಿನಲ್ಲಿಡಿ. ಮಗುವಿಗೆ ತಲುಪುವ ಶಬ್ದ ನಮಗೆ ಕೇಳುವಂತಹ ಶಬ್ದವಲ್ಲ. ಅದು ಒಂದು ರೇಖಾಚಿತ್ರದಂತೆ. ಆ ರೇಖೆಗಳಿಂದ ಅಮ್ಮನ ದನಿ ಯಾವುದು, ನಾಯಿ ಬೊಗಳಿದ್ದು ಯಾವುದು, ‘ಪ’ ಯಾವುದು, ‘ಬ’ ಯಾವುದು ಎಂದು ಗುರುತಿಸಲು ಮೆದುಳು ಕಲಿಯಬೇಕು. ಅದಕ್ಕೆ ಕಾಲ ಬೇಕು, ಸಾವಿರಾರು ಸಲ ಕೇಳುವ ಅವಕಾಶ ಬೇಕು.

ಈಗ ಧ್ವನಿಗಳ ವಿಷಯ. ಕಿವಿ ಕೇಳುವ ಮಗು ಎರಡು ಮೂರು ತಿಂಗಳಿಗೆ ‘ಆ’, ‘ಊ’ ಎಂದು ಸ್ವರ ಹೊರಡಿಸುತ್ತದೆ. ಆರೇಳು ತಿಂಗಳಿನ ನಂತರ ‘ಬಬಬ’, ‘ಮಮಮ’ ಎಂದು ತೊದಲುತ್ತದೆ. ವರ್ಷದ ಹೊತ್ತಿಗೆ ‘ಅಮ್ಮ’, ‘ಅಪ್ಪ’, ‘ಅಕ್ಕ’ ಎನ್ನುತ್ತದೆ. ಎರಡು ವರ್ಷಕ್ಕೆ ಎರಡು ಪದ ಜೋಡಿಸುತ್ತದೆ. ಇಂಪ್ಲಾಂಟ್ ಪಡೆದ ಮಗುವೂ ಬಹುಮಟ್ಟಿಗೆ ಇದೇ ದಾರಿಯಲ್ಲಿ ನಡೆಯುತ್ತದೆ. ಆದರೆ ದಾರಿ ಆರಂಭವಾಗುವುದು ಹುಟ್ಟಿದ ದಿನದಿಂದಲ್ಲ, ಯಂತ್ರ ಚಾಲನೆಯಾದ ದಿನದಿಂದ. ಇದನ್ನು ತಜ್ಞರು ‘ಶ್ರವಣ ವಯಸ್ಸು’ ಎನ್ನುತ್ತಾರೆ. ಎರಡು ವರ್ಷಕ್ಕೆ ಯಂತ್ರ ಚಾಲನೆಯಾದ ಮಗುವಿಗೆ ಮೂರು ವರ್ಷ ತುಂಬಿದಾಗ ಶ್ರವಣ ವಯಸ್ಸು ಒಂದೇ ವರ್ಷ. ಅಂಗನವಾಡಿಯಲ್ಲಿ ಪಕ್ಕದ ಮೂರು ವರ್ಷದ ಮಗುವಿನೊಡನೆ ಅದನ್ನು ಹೋಲಿಸುವುದು ಅನ್ಯಾಯ.

ಧ್ವನಿಗಳು ಬರುವುದರಲ್ಲಿಯೂ ಒಂದು ಕ್ರಮವಿದೆ. ಸ್ವರಗಳು ಮೊದಲು. ವ್ಯಂಜನಗಳಲ್ಲಿ ‘ಮ’, ‘ಪ’, ‘ಬ’ ಬೇಗ ಬರುತ್ತವೆ. ಅವು ತುಟಿಯ ಮೇಲೆ ಕಣ್ಣಿಗೆ ಕಾಣುತ್ತವೆ, ಹೇಳುವುದೂ ಸುಲಭ. ‘ಕ’, ‘ಗ’ ನಾಲಿಗೆಯ ಹಿಂಭಾಗದಿಂದ ಹುಟ್ಟುತ್ತವೆ. ಅವುಗಳನ್ನು ನೋಡಿ ಕಲಿಯಲಾಗದು, ಕೇಳಿಯೇ ಕಲಿಯಬೇಕು. ಆದುದರಿಂದ ‘ಕಾಗೆ’ ಎನ್ನಲು ‘ತಾದೆ’ ಎನ್ನುವ ಮಗು ಕೆಲಕಾಲ ಹಾಗೆಯೇ ಹೇಳುತ್ತಿರಬಹುದು. ‘ಸ’, ‘ಶ’ ಧ್ವನಿಗಳ ಶಕ್ತಿ ಬಹಳ ಎತ್ತರದ ಕಂಪನಾಂಕಗಳಲ್ಲಿರುವುದರಿಂದ ತಡವಾಗಿ ಬರುತ್ತವೆ. ‘ರ’ ಮತ್ತು ‘ಪುಸ್ತಕ’ದಂತಹ ಒತ್ತಕ್ಷರಗಳು ಇನ್ನೂ ತಡ. ಕಿವಿ ಚೆನ್ನಾಗಿ ಕೇಳುವ ಮಕ್ಕಳೂ ‘ಪುತ್ತಕ’ ಎನ್ನುವುದನ್ನು ನೀವು ಕೇಳಿದ್ದೀರಿ.

ನಮ್ಮ ಭಾಷೆಯಲ್ಲಿ ಇನ್ನೊಂದು ವಿಶೇಷವಿದೆ. ‘ಬೆಳೆ’ ಮತ್ತು ‘ಬೇಳೆ’, ‘ಕತೆ’ ಮತ್ತು ‘ಕತ್ತೆ’ ಇವುಗಳ ವ್ಯತ್ಯಾಸವಿರುವುದು ಕಾಲದ ಅಳತೆಯಲ್ಲಿ: ಸ್ವರವನ್ನು ಎಳೆಯುವುದು, ವ್ಯಂಜನವನ್ನು ಒತ್ತಿ ಹಿಡಿಯುವುದು. ಕಾಲದ ಅಳತೆಯನ್ನು ಇಂಪ್ಲಾಂಟ್ ಚೆನ್ನಾಗಿ ತಲುಪಿಸುತ್ತದೆ. ‘ಕಲೆ’ ಮತ್ತು ‘ಕಳೆ’, ‘ಮನೆ’ ಮತ್ತು ‘ಮಣೆ’ ಇವುಗಳ ವ್ಯತ್ಯಾಸ ನಾಲಿಗೆ ತಗಲುವ ಜಾಗದಲ್ಲಿದೆ. ಆ ಸೂಕ್ಷ್ಮ ಭೇದವನ್ನು 22 ವಿದ್ಯುದ್ವಾರಗಳು ಅಷ್ಟು ಸ್ಪಷ್ಟವಾಗಿ ತೋರಿಸಲಾರವು. ಆದುದರಿಂದ ‘ಳ’, ‘ಣ’ಗಳಿಗೆ ಹೆಚ್ಚು ಅಭ್ಯಾಸ ಬೇಕು. ಹಾಗೆಯೇ ನಮ್ಮ ಸೀಮೆಯ ಆಡುಮಾತಿನಲ್ಲಿ ‘ಹಾಲು’ ಎಂಬುದು ‘ಆಲು’ ಆಗುವುದುಂಟು. ಮಗುವೂ ಹಾಗೆ ಹೇಳಿದರೆ ಅದು ದೋಷವಲ್ಲ. ಮನೆಯವರ ಮಾತನ್ನು ಕೇಳಿಸಿಕೊಂಡಿದೆ ಎಂಬುದಕ್ಕೆ ಅದೇ ಸಾಕ್ಷಿ.

ಈ ಕಲಿಕೆಗೆ ಗಡುವು ಇದೆ. ಶಬ್ದವನ್ನು ಗ್ರಹಿಸುವ ಮೆದುಳಿನ ಭಾಗ ಮೊದಲ ವರ್ಷಗಳಲ್ಲಿ ಮಾತ್ರ ಬಹಳ ಮೃದುವಾಗಿರುತ್ತದೆ. ಮೂರೂವರೆ ವರ್ಷದ ಒಳಗೆ ಇಂಪ್ಲಾಂಟ್ ಪಡೆದ ಮಕ್ಕಳಲ್ಲಿ ಆ ಭಾಗ ಸಾಮಾನ್ಯ ಮಕ್ಕಳಂತೆಯೇ ಬೆಳೆಯುವ ಸಾಧ್ಯತೆ ಹೆಚ್ಚು. ಏಳು ವರ್ಷ ದಾಟಿದ ಮೇಲೆ ಬಹಳ ಕಡಿಮೆ. ಬಿತ್ತನೆಯ ಹದ ತಪ್ಪಿದ ಮೇಲೆ ಎಷ್ಟು ಗೊಬ್ಬರ ಸುರಿದರೂ ಪೂರ್ತಿ ಫಸಲು ಬಾರದೆಂಬುದು ಮುಂಗಾರನ್ನೇ ನಂಬಿ ಬದುಕುವ ನಮಗೆ ಹೇಳಿಕೊಡಬೇಕಾದ ಮಾತಲ್ಲ. ಆದುದರಿಂದ ಒಂದು ತಿಂಗಳ ಒಳಗೆ ಪ್ರಾಥಮಿಕ ಪರೀಕ್ಷೆ, ಮೂರು ತಿಂಗಳ ಒಳಗೆ ಖಚಿತ ನಿರ್ಣಯ, ಆರು ತಿಂಗಳ ಒಳಗೆ ಚಿಕಿತ್ಸೆಯ ಆರಂಭ ಎಂಬ ನಿಯಮವನ್ನು ಜಗತ್ತಿನಾದ್ಯಂತ ಅನುಸರಿಸುತ್ತಾರೆ.

ನಮ್ಮಲ್ಲಿ ಆಗುತ್ತಿರುವುದೇನು? ಮಗು ಎರಡು ವರ್ಷವಾದರೂ ಮಾತನಾಡದಿದ್ದರೆ “ಅವರಪ್ಪನೂ ತಡವಾಗಿಯೇ ಮಾತಾಡಿದ್ದು” ಎನ್ನುತ್ತೇವೆ. ನಾಲಿಗೆಗೆ ಬಜೆ ತೇಯ್ದು ಹಚ್ಚುತ್ತೇವೆ. ತಟ್ಟೆ ಬಡಿದರೆ ತಿರುಗಿ ನೋಡಿತು, ಕಿವಿ ಕೇಳುತ್ತದೆ ಎಂದು ಸಮಾಧಾನಪಡುತ್ತೇವೆ. ಮಗು ತಿರುಗಿದ್ದು ನೆರಳು ಕಂಡೋ, ನೆಲದ ಅದುರುವಿಕೆಯಿಂದಲೋ ಇರಬಹುದು. ಹಿರಿಯರ ನಂಬಿಕೆಯನ್ನು ನಾನು ಹೀಗಳೆಯುವುದಿಲ್ಲ. ಹರಕೆಯನ್ನೂ ಹೊರಲಿ, ಕಿವಿಯ ಪರೀಕ್ಷೆಯನ್ನೂ ಮಾಡಿಸಲಿ. ಮಲಗಿರುವ ಕೂಸಿನ ಕಿವಿಯಲ್ಲಿ ಸಣ್ಣ ಬಿರಡೆಯನ್ನಿಟ್ಟು ಕೆಲವೇ ನಿಮಿಷಗಳಲ್ಲಿ ಮಾಡುವ ಪರೀಕ್ಷೆ ಅದು. ನೋವಿಲ್ಲ, ಸೂಜಿಯಿಲ್ಲ.

ಹೋಗಬೇಕಾದ ದಾರಿ ಇದೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಸಂಚಾರಿ ವೈದ್ಯರ ತಂಡ ವರ್ಷಕ್ಕೆ ಎರಡು ಸಲ ಅಂಗನವಾಡಿಗೆ ಬರುತ್ತದೆ. ಅವರು ಪರೀಕ್ಷಿಸುವ ತೊಂದರೆಗಳಲ್ಲಿ ಹುಟ್ಟು ಕಿವುಡುತನವೂ ಸೇರಿದೆ. ಅಲ್ಲಿಂದ ಜಿಲ್ಲಾ ಆಸ್ಪತ್ರೆಗೆ ಕಳುಹಿಸುತ್ತಾರೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿ 1965ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ. ಇಡೀ ದೇಶದಿಂದ ಜನ ಅಲ್ಲಿಗೆ ಬರುತ್ತಾರೆ. ಕನ್ನಡದ ಮಕ್ಕಳ ಉಚ್ಚಾರಣೆಯನ್ನು ಅಳೆಯುವ ಕನ್ನಡದ್ದೇ ಪರೀಕ್ಷೆಯನ್ನು ಅಲ್ಲಿನ ತಜ್ಞರು 1972ರಷ್ಟು ಹಿಂದೆಯೇ ರೂಪಿಸಿದ್ದಾರೆ. ಅಲ್ಲಿನ ವಿಶೇಷ ಶಿಶುವಿಹಾರದಲ್ಲಿ ಮಗುವಿನ ಜೊತೆಗೆ ತಾಯಿಗೂ ತರಬೇತಿ ಕೊಡುತ್ತಾರೆ. ದೂರದ ಕುಟುಂಬಗಳಿಗೆ ವಿಡಿಯೊ ಮೂಲಕವೂ ಚಿಕಿತ್ಸೆ ನೀಡುವ ವ್ಯವಸ್ಥೆಯಿದೆ.

ವೆಚ್ಚದ ವಿಷಯಕ್ಕೆ ಬಂದರೆ, ಕೇಂದ್ರ ಸರ್ಕಾರದ ಅಡಿಪ್ ಯೋಜನೆಯು 2014ರ ಪರಿಷ್ಕರಣೆಯಲ್ಲಿ ಒಂದು ಇಂಪ್ಲಾಂಟ್‌ಗೆ 6 ಲಕ್ಷ ರೂಪಾಯಿವರೆಗೆ ಅವಕಾಶ ಕಲ್ಪಿಸಿತು. ನಮ್ಮ ರಾಜ್ಯದ ಆರೋಗ್ಯ ಇಲಾಖೆಯ ಶ್ರವಣ ಸಂಜೀವಿನಿ ಯೋಜನೆಯೂ ಇದೆ. ವಯಸ್ಸು ಮತ್ತು ಆದಾಯದ ಮಿತಿಗಳು ಕಾಲಕಾಲಕ್ಕೆ ಬದಲಾಗುವುದರಿಂದ ಅರ್ಜಿ ಹಾಕುವ ಮೊದಲು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಬೇಕು. ಇಲ್ಲಿಂದ ಮೈಸೂರಿಗೆ ಸುಮಾರು 150 ಕಿಲೋಮೀಟರ್. 2023ರ ಜೂನ್ 11ರಂದು ಜಾರಿಗೆ ಬಂದ ಶಕ್ತಿ ಯೋಜನೆಯಿಂದ ತಾಯಿಗೆ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ ಇಲ್ಲ. ಆದರೂ ಹೋಗಿಬರುವ ದಿನದ ಕೂಲಿ ತಪ್ಪುತ್ತದೆ, ಮನೆಯಲ್ಲಿ ಉಳಿದ ಮಕ್ಕಳನ್ನು ನೋಡುವವರು ಇರುವುದಿಲ್ಲ. ಚಿಕಿತ್ಸೆ ನಿಂತುಹೋಗುವುದು ಇಂತಹ ಸಣ್ಣ ಕಾರಣಗಳಿಂದಲೇ.

ಈಗ ಪಂಚಾಯಿತಿ ಮಾಡಬಹುದಾದ ಕೆಲಸಗಳನ್ನು ಹೇಳುತ್ತೇನೆ.

ಮೊದಲನೆಯದು, ಬೇಗ ಗುರುತಿಸುವುದು. ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿಯ ಪ್ರತಿ ಸಭೆಯಲ್ಲಿಯೂ “ಈ ತಿಂಗಳು ಹುಟ್ಟಿದ ಮಕ್ಕಳಲ್ಲಿ ಎಷ್ಟು ಮಂದಿಗೆ ಕಿವಿ ಪರೀಕ್ಷೆಯಾಗಿದೆ?” ಎಂದು ಸದಸ್ಯರು ಕೇಳಬೇಕು. ತೂಕ ಕಡಿಮೆಯಿದ್ದ, ತೀವ್ರ ಕಾಮಾಲೆಯಾದ, ಹುಟ್ಟಿದೊಡನೆ ತೀವ್ರ ನಿಗಾ ಘಟಕದಲ್ಲಿದ್ದ ಶಿಶುಗಳನ್ನು ಮೊದಲು ಕಳುಹಿಸಬೇಕು. ಸೋದರಮಾವ ಅಥವಾ ಅತ್ತೆ ಮಾವನ ಮಕ್ಕಳೊಡನೆ ವಿವಾಹವಾದವರ ಮಕ್ಕಳಲ್ಲಿ ಹುಟ್ಟು ಕಿವುಡುತನದ ಸಂಭವ ಹೆಚ್ಚು. ಇದನ್ನು ಹೇಳುವುದು ಯಾರನ್ನೂ ದೂಷಿಸಲು ಅಲ್ಲ, ಅಂತಹ ಮನೆಗಳಿಗೆ ಮೊದಲು ಹೋಗಬೇಕೆಂಬ ಕಾರಣಕ್ಕೆ. ಗರ್ಭಿಣಿಗೆ ರುಬೆಲ್ಲಾ ತಗುಲಿದರೆ ಮಗು ಕಿವುಡಾಗಬಹುದು. ದಡಾರ ರುಬೆಲ್ಲಾ ಲಸಿಕೆ ಯಾವ ಮಗುವಿಗೂ ತಪ್ಪಬಾರದು.

ಎರಡನೆಯದು, ಶಸ್ತ್ರಚಿಕಿತ್ಸೆಯ ನಂತರದ ಅನುಸರಣೆ. ಅಂತಹ ಪ್ರತಿ ಮಗುವಿಗೂ ಕನಿಷ್ಠ ಐದು ವರ್ಷ ಒಂದು ಪುಟ ವಹಿಯಲ್ಲಿರಲಿ. ಪುನರ್ವಸತಿ ಕಾರ್ಯಕರ್ತರು ತಿಂಗಳಿಗೊಮ್ಮೆ ಮನೆಗೆ ಹೋಗಿ ನಾಲ್ಕು ಸಂಗತಿ ಬರೆಯಲಿ: ಎಚ್ಚರವಿರುವಷ್ಟು ಹೊತ್ತೂ ಮಗು ಯಂತ್ರ ಧರಿಸುತ್ತಿದೆಯೇ? ತಂತಿ, ಬ್ಯಾಟರಿ ಸರಿಯಿವೆಯೇ? ಮುಂದಿನ ಚಿಕಿತ್ಸೆಯ ದಿನಾಂಕ ಯಾವುದು? ಆರು ಧ್ವನಿಗಳು ಕೇಳುತ್ತಿವೆಯೇ?

ಆರು ಧ್ವನಿಗಳ ಈ ಪರೀಕ್ಷೆಯನ್ನು ಡೇನಿಯಲ್ ಲಿಂಗ್ ಎಂಬ ತಜ್ಞರು ರೂಪಿಸಿದರು. ‘ಆ’, ‘ಈ’, ‘ಊ’, ‘ಮ್’, ‘ಶ್’, ‘ಸ್’ ಇವೇ ಆ ಆರು. ‘ಮ್’ ತಗ್ಗಿನ ಧ್ವನಿ, ‘ಸ್’ ಎತ್ತರದ ಧ್ವನಿ. ಮಾತಿಗೆ ಬೇಕಾದ ಕಂಪನಾಂಕಗಳೆಲ್ಲ ಇವುಗಳ ನಡುವೆ ಬರುತ್ತವೆ. ಮಗುವಿಗೆ ತುಟಿ ಕಾಣದಂತೆ ಹಿಂದೆ ನಿಂತು, ಒಂದೊಂದನ್ನೇ ಹೇಳಬೇಕು. ಪ್ರತಿ ಸಲ ಕೇಳಿದಾಗ ಮಗು ಒಂದು ಹುಣಸೆ ಬೀಜವನ್ನು ಬಟ್ಟಲಿಗೆ ಹಾಕಲಿ. ನಿನ್ನೆ ಕೇಳಿದ ‘ಸ್’ ಇಂದು ಕೇಳಲಿಲ್ಲವೆಂದರೆ ಯಂತ್ರದಲ್ಲಿ ತೊಂದರೆಯಿರಬಹುದೆಂದು ಅದೇ ದಿನ ತಿಳಿಯುತ್ತದೆ. ಇದಕ್ಕೆ ಓದುಬರಹ ಬೇಕಿಲ್ಲ, ಖರ್ಚಿಲ್ಲ. ಎರಡು ನಿಮಿಷ ಸಾಕು.

ಮೂರನೆಯದು, ಬಿಡಿಭಾಗಗಳ ನೆರವು. ಖಾತರಿ ಅವಧಿ ಮುಗಿದ ಮೇಲೆ ತಂತಿ, ಬ್ಯಾಟರಿಗಳ ಖರ್ಚು ಮನೆಯವರ ಮೇಲೆ ಬೀಳುತ್ತದೆ. ಗ್ರಾಮ ಪಂಚಾಯಿತಿಯ ಸ್ವಂತ ಸಂಪನ್ಮೂಲದಲ್ಲಿ ವಿಕಲಚೇತನರಿಗಾಗಿ ಕಾಯ್ದಿರಿಸುವ ಶೇ. 5ರ ನಿಧಿಯಿದೆ. ವರ್ಷದ ಕೊನೆಯಲ್ಲಿ ಅದನ್ನು ಹೇಗಾದರೂ ಖರ್ಚು ಮಾಡಿ ಮುಗಿಸುವ ಬದಲು, ಸಾಮಾಜಿಕ ನ್ಯಾಯ ಸ್ಥಾಯಿ ಸಮಿತಿಯಲ್ಲಿ ಚರ್ಚಿಸಿ, ನಿಯಮಗಳಿಗೆ ಒಳಪಟ್ಟು ಇಂತಹ ಅಗತ್ಯಗಳಿಗೆ ಮೊದಲೇ ಠರಾವು ಮಾಡಿಟ್ಟುಕೊಳ್ಳಬಹುದು. 6 ಲಕ್ಷದ ಸಾಧನ ಕೆಲವು ಸಾವಿರದ ತಂತಿಗಾಗಿ ಡಬ್ಬಿ ಸೇರಬಾರದು.

ನಾಲ್ಕನೆಯದು, ಅಂಗನವಾಡಿ ಮತ್ತು ಶಾಲೆ. ಗದ್ದಲದಲ್ಲಿ ಮಾತನ್ನು ಬೇರ್ಪಡಿಸಿ ಕೇಳುವುದು ಇಂಪ್ಲಾಂಟ್ ಧರಿಸಿದ ಮಗುವಿಗೆ ಬಹಳ ಕಷ್ಟ. ತಗಡಿನ ಮಾಡು, ಬರಿಗೋಡೆಯ ಕೋಣೆಯಲ್ಲಿ ದನಿ ಪ್ರತಿಧ್ವನಿಸುತ್ತದೆ. ನೆಲಕ್ಕೆ ಜಮಖಾನೆ, ಕಿಟಕಿಗೆ ದಪ್ಪ ಪರದೆ ಹಾಕಿದರೆ ಪ್ರತಿಧ್ವನಿ ತಗ್ಗುತ್ತದೆ. ಮಗುವನ್ನು ಶಿಕ್ಷಕಿಯ ಸಮೀಪ ಕೂರಿಸಬೇಕು. ಮನೆಯಲ್ಲಿ ಟಿ.ವಿ. ಆರಿಸಿ ಮಾತನಾಡಿಸಬೇಕು. ಅವರೆಕಾಯಿ ಸುಲಿಯುವಾಗ, ಮುದ್ದೆ ತೊಳಸುವಾಗ, ಹಸುವಿಗೆ ಹುಲ್ಲು ಹಾಕುವಾಗ ಮಾಡುತ್ತಿರುವುದನ್ನೇ ಬಾಯಿಬಿಟ್ಟು ಹೇಳುತ್ತಿರಬೇಕು. ಅಜ್ಜಿಯ ಕತೆಗಿಂತ ಒಳ್ಳೆಯ ಔಷಧವಿಲ್ಲ.

ಇನ್ನೊಂದು ಮಾತನ್ನು ಹೇಳದೆ ಮುಗಿಸಬಾರದು. ಎಲ್ಲ ಕಿವುಡು ಮಕ್ಕಳಿಗೂ ಇಂಪ್ಲಾಂಟ್ ಹೊಂದುವುದಿಲ್ಲ. ಶ್ರವಣ ನರವೇ ಇಲ್ಲದ ಮಕ್ಕಳಿದ್ದಾರೆ, ವಯಸ್ಸು ಮೀರಿದವರಿದ್ದಾರೆ. ಸಂಜ್ಞಾ ಭಾಷೆಯೂ ಪೂರ್ಣ ಭಾಷೆಯೇ, ಅದರಲ್ಲಿ ಓದಿ ಬದುಕು ಕಟ್ಟಿಕೊಂಡವರು ಅನೇಕರಿದ್ದಾರೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಅವರಿಗೂ ಸಮಾನ ಹಕ್ಕು ನೀಡಿದೆ. ಯಾವ ಮಗುವನ್ನೂ ‘ಮೂಗ’ ಎಂದು ಕರೆಯುವ ರೂಢಿ ನಮ್ಮ ಊರುಗಳಿಂದ ಹೋಗಬೇಕು. ಮಗುವಿಗೆ ಒಂದು ಭಾಷೆ ಸಕಾಲದಲ್ಲಿ ಸಿಗಬೇಕು ಎಂಬುದೇ ನಮ್ಮ ಗುರಿ.

ಆರಂಭದಲ್ಲಿ ಹೇಳಿದ ಮಗುವಿನ ವಿಷಯವನ್ನು ತಿಳಿಸಿ ಮುಗಿಸುತ್ತೇನೆ. ಪಂಚಾಯಿತಿ ನಿಧಿಯಿಂದ ಹೊಸ ತಂತಿ ಬಂದಿತು. ಚಿಕಿತ್ಸೆ ಮತ್ತೆ ಆರಂಭವಾಯಿತು. ಮಗು ಈಗ ಶಾಲೆಗೆ ಹೋಗುತ್ತಿದೆ. ತನ್ನ ಹೆಸರು ಕರೆದರೆ ತಿರುಗುತ್ತದೆ, ಮನೆಯವರಿಗೆಲ್ಲ ತಿಳಿಯುವಂತೆ ಮಾತನಾಡುತ್ತದೆ. ‘ಸ’ ಇನ್ನೂ ಸರಿಯಾಗಿ ಬರುವುದಿಲ್ಲ, ಹೊರಗಿನವರಿಗೆ ಅರ್ಧ ಮಾತು ಅರ್ಥವಾಗುವುದಿಲ್ಲ. ಡಬ್ಬಿಯಲ್ಲಿ ಕಳೆದ ಒಂಬತ್ತು ತಿಂಗಳು ಇಲ್ಲದಿದ್ದರೆ ಹೇಗಿರುತ್ತಿತ್ತು ಎಂದು ನಾನು ಆಗಾಗ ಯೋಚಿಸುತ್ತೇನೆ. ಆ ತಿಂಗಳುಗಳನ್ನು ಯಾವ ನಿಧಿಯಿಂದಲೂ ಮರಳಿ ಕೊಡಲಾಗದು.

ಬಹುಕಾಲದಿಂದ ಕನ್ನಡದ ಮೊದಲ ಶಾಸನವೆಂದು ಹೆಸರಾದ ಹಲ್ಮಿಡಿ ಶಾಸನ ದೊರೆತದ್ದು ನಮ್ಮ ಬೇಲೂರು ತಾಲ್ಲೂಕಿನಲ್ಲಿಯೇ. ಅಂತಹ ನೆಲದಲ್ಲಿ ಹುಟ್ಟಿದ ಒಂದು ಮಗು, ಕೇಳಿಸುವ ಸಾಧನವಿದ್ದೂ ಕನ್ನಡದ ಮಾತಿಲ್ಲದೆ ಬೆಳೆಯುವುದು ನಮಗೆ ಶೋಭೆಯಲ್ಲ. ನಿಮ್ಮ ನಿಮ್ಮ ಊರಿಗೆ ಹಿಂತಿರುಗಿದ ಮೇಲೆ, ಕಿವಿಯ ಹಿಂದೆ ಯಂತ್ರವಿರಬೇಕಾದ ಮಗು ನಿಮ್ಮ ವಾರ್ಡಿನಲ್ಲಿ ಯಾರ ಮನೆಯಲ್ಲಿದೆ ಎಂದು ವಿಚಾರಿಸಿ. ಯಂತ್ರ ಕಿವಿಯ ಮೇಲಿದೆಯೋ, ಬೀರುವಿನಲ್ಲಿದೆಯೋ ನೋಡಿ. ಬೀರುವಿನಲ್ಲಿದ್ದರೆ ಮರುದಿನವೇ ನಿಮ್ಮ ಪಂಚಾಯಿತಿ ಕಚೇರಿಗೆ ತಿಳಿಸಿ. ನನ್ನ ವಹಿಯಲ್ಲಿ ಈಗ ಇಂತಹ ಪ್ರಕರಣಗಳ ಮುಂದೆ ‘ಮುಕ್ತಾಯ’ ಎಂದು ಬರೆಯುವುದಿಲ್ಲ. ‘ಮುಂದಿನ ಭೇಟಿ’ ಎಂದು ದಿನಾಂಕ ಬರೆಯುತ್ತೇನೆ. ನೀವೂ ಹಾಗೆಯೇ ಬರೆಸಬೇಕೆಂದು ವಿನಂತಿಸುತ್ತೇನೆ.